ಮುಲುಂಡಿನ ಮನೆಯನ್ನು ಕುಂದಾಪುರದಿಂದ ಕಾಯುವ ಕ್ರಮ

(ಬಳಕೆದಾರರ ಕೈಪಿಡಿ. ಓದಿ ಮುಗಿದ ಮೇಲೆ ರದ್ದಿಯವನಿಗೆ ಹಾಕಬಹುದು.)

ಮೊದಲಿಗೆ ಅಭಿನಂದನೆ

ನಾಲ್ಕು ಕ್ಯಾಮೆರಾಗಳ ವಿಡಿಯೋ ರೆಕಾರ್ಡರ್ ಕೊಂಡದ್ದಕ್ಕೆ ಅಭಿನಂದನೆಗಳು. ಇಂದಿನಿಂದ ನಿಮ್ಮ ಮನೆಯಲ್ಲಿ ಕದಿಯಲು ಯೋಗ್ಯವಾದ ಒಂದು ವಸ್ತು ಇದೆ ಎಂದಾಯಿತು. ಗ್ರಾಂಟ್ ರೋಡ್ ಸ್ಟೇಷನ್ನಿಗೆ ಇಳಿದು, ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಚೌಕಾಸಿ ಮಾಡಿ, ಲೋಕಲ್ ಟ್ರೈನಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಈ ಪೆಟ್ಟಿಗೆಯನ್ನು ನಾನು ಮನೆಗೆ ತಂದ ದಿನ ನನ್ನ ಹೆಂಡತಿ ಹಾಲ್‌ನಿಂದ ಅಡುಗೆಮನೆಯವರೆಗೆ ಒಮ್ಮೆ ಕಣ್ಣಾಡಿಸಿ, "ಇದಕ್ಕಿಂತ ಬೆಲೆಬಾಳುವಂಥದ್ದು ಇಲ್ಲಿ ಬೇರೇನಿದೆ ಮಾರಾಯ್ರೆ?" ಎಂದು ಕೇಳಿದಳು. ಆ ಪ್ರಶ್ನೆ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ವರ್ಷಕ್ಕೊಮ್ಮೆಯೋ ಎರಡು ಸಲವೋ ಮುಂಬಯಿಯ ಫ್ಲಾಟಿಗೆ ಬೀಗ ಜಡಿದು ಮದುವೆಗೆ, ಕೋಲಕ್ಕೆ, ಮಾವಿನ ಹಣ್ಣಿಗೆ ಎಂದು ಕರಾವಳಿಗೆ ಹೊರಡುವವರಿಗಾಗಿ ಇದನ್ನು ಬರೆಯಲಾಗಿದೆ. ಊರಿನಲ್ಲಿರುವಷ್ಟು ದಿನ ಮುಂಬಯಿ ಮನೆಯ ಚಿಂತೆ, ಮುಂಬಯಿಯಲ್ಲಿರುವಷ್ಟು ದಿನ ಊರ ಮನೆಯ ಚಿಂತೆ, ಇದು ನಮ್ಮವರ ಜಾಯಮಾನ. ಈ ಯಂತ್ರ ಆ ಚಿಂತೆಗೆ ಬಣ್ಣದ ಚಿತ್ರ ಒದಗಿಸುತ್ತದೆ.

ಆಸೆ ಹೊಸದೇನಲ್ಲ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸ್ ಇಂಥದೊಂದು ಏರ್ಪಾಡಿಗೆ 1966ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. 1969ರ ಡಿಸೆಂಬರಿನಲ್ಲಿ ಅದು ಸಿಕ್ಕಿತು. ಬಾಗಿಲಲ್ಲಿ ನಾಲ್ಕು ಇಣುಕುಗಿಂಡಿ, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಟಿವಿ. ಬಾಗಿಲು ಬಡಿದವರು ಯಾರೆಂದು ಮಂಚದಿಂದಲೇ ನೋಡಬಹುದಿತ್ತು. ಅವರಿಗೆ ಬೇಕಾಗಿದ್ದದ್ದು ಬಾಗಿಲಿನಿಂದ ಮಂಚದವರೆಗಿನ ನೋಟ. ನಮಗೆ ಬೇಕಾಗಿರುವುದು ಮುಲುಂಡಿನಿಂದ ಕುಂದಾಪುರದವರೆಗಿನದು. ತಾಪತ್ರಯವೆಲ್ಲ ನಡುವಿನ ದಾರಿಯಲ್ಲಿದೆ.

ಪೆಟ್ಟಿಗೆಯೊಳಗೆ ಏನೇನಿದೆ

ರೆಕಾರ್ಡರ್: 1. ಅಡಾಪ್ಟರ್: 1. ಮೌಸ್: 1 (ವಯರು ಗಿಡ್ಡ, ಸ್ಟೂಲ್ ಮೇಲೆ ನಿಂತು ಬಳಸತಕ್ಕದ್ದು). ಇರುವೆ ಸಾಲಿನಂಥ ಅಕ್ಷರಗಳ ಇಂಗ್ಲಿಷ್ ಪುಸ್ತಿಕೆ: 1. ಹಾರ್ಡ್ ಡಿಸ್ಕ್: ಇಲ್ಲ.

ಕೊನೆಯದು ಅಚ್ಚಿನ ತಪ್ಪಲ್ಲ. ಡಿಸ್ಕನ್ನು ಸಾಮಾನ್ಯವಾಗಿ ಬೇರೆಯಾಗಿಯೇ ಕೊಳ್ಳಬೇಕು. ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಲೆಕ್ಕ. ಕ್ಯಾಮೆರಾ ಒಂದು ಸೆಕೆಂಡಿಗೆ 2 ಮೆಗಾಬಿಟ್ ಬರೆಯುತ್ತದೆ ಎಂದುಕೊಳ್ಳಿ. ನಾಲ್ಕು ಕ್ಯಾಮೆರಾ ಸೇರಿ ಸೆಕೆಂಡಿಗೆ 1 ಮೆಗಾಬೈಟ್. ದಿನಕ್ಕೆ ಸುಮಾರು 86 ಜಿಬಿ. 1 ಟಿಬಿಯ ಡಿಸ್ಕ್ ಹನ್ನೊಂದೂವರೆ ದಿನಕ್ಕೆ ತುಂಬುತ್ತದೆ. ಆಮೇಲೆ ಯಂತ್ರ ಯಾರನ್ನೂ ಕೇಳದೆ ಹಳೆಯದನ್ನು ಅಳಿಸುತ್ತ ಹೊಸದನ್ನು ಬರೆಯುತ್ತದೆ. ನೀವು ಊರಲ್ಲಿ 20 ದಿನ ಇರುವವರಾದರೆ, ಮೊದಲ ವಾರ ಬಂದ ಕಳ್ಳನನ್ನು ಯಂತ್ರವೇ ಖುಲಾಸೆ ಮಾಡಿರುತ್ತದೆ. ಈ ಲೆಕ್ಕವನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಕ್ಯಾಮೆರಾ ಕೊಳ್ಳುವಾಗ ಇನ್ನೊಂದು ಮಾತು. ಭದ್ರತೆಯ ಪರೀಕ್ಷೆ ದಾಟಿದ ಸಿಸಿಟಿವಿ ಕ್ಯಾಮೆರಾಗಳನ್ನಷ್ಟೇ ಮಾರಬೇಕೆಂಬ ಕೇಂದ್ರ ಸರಕಾರದ ನಿಯಮ 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದೆ. ಅಂಗಡಿಯವನು "ಹಳೇ ಸ್ಟಾಕ್, ಅರ್ಧ ಬೆಲೆ" ಎಂದು ಕಣ್ಣು ಮಿಟುಕಿಸಿದರೆ ನೀವು ಕಣ್ಣು ಮುಚ್ಚಬೇಡಿ.

ಹಂತ 1: ಹುಡುಗನನ್ನು ಕರೆಸುವುದು

ಕ್ಯಾಮೆರಾ ಕೂರಿಸಲು ಒಬ್ಬ ಹುಡುಗ ಬರುತ್ತಾನೆ. ಹನ್ನೊಂದಕ್ಕೆ ಎಂದರೆ ಐದಕ್ಕೆ. ಡ್ರಿಲ್ಲಿನ ಸದ್ದಿಗೆ ಅವನ ಹಿಂದೆಯೇ ಸೊಸೈಟಿಯ ಸೆಕ್ರೆಟರಿಯೂ ಬರುತ್ತಾರೆ. ಬಾಗಿಲ ಹೊರಗೆ ಕ್ಯಾಮೆರಾ ಹಾಕಿದರೆ ಅದಕ್ಕೆ ಕಾಣುವುದು ಪ್ಯಾಸೇಜು, ಪ್ಯಾಸೇಜು ಸೊಸೈಟಿಯದ್ದು. ಕಮಿಟಿಗೊಂದು ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಿರಿ.

ಪ್ಯಾಸೇಜಿನ ಆಚೆಗೆ ಎದುರು ಮನೆಯ ಬಾಗಿಲು. ಹುಡುಗ ಕೂರಿಸಿದ ಕೋನದಲ್ಲಿ ನಮ್ಮ ಮೊದಲ ಕ್ಯಾಮೆರಾಕ್ಕೆ ನಮ್ಮ ಹೊಸ್ತಿಲೊಂದನ್ನು ಬಿಟ್ಟು ಎದುರು ಮನೆಯ ಕಾಕುವಿನ ಚಪ್ಪಲಿ ಸ್ಟ್ಯಾಂಡು, ಸೋಫಾದ ತುದಿ, ಓಡುತ್ತಿದ್ದ ಟಿವಿ ಎಲ್ಲ ಕಾಣುತ್ತಿತ್ತು. ಕಾಕು ಒಳಬಂದು ಪರದೆಗೆ ಮುಖವಿಟ್ಟು ನೋಡಿ, "ಅಹೋ, ಮಾಝೀ ಸೀರಿಯಲ್ ತುಮ್ಹಾಲಾ ದಿಸ್ತೇ ಕಾ?" ಎಂದರು. ಅವರ ಸೀರಿಯಲ್ ನಮಗೆ ಕಾಣುವುದರ ಬಗ್ಗೆ ಅವರ ತಕರಾರಿರಲಿಲ್ಲ. ಪುಕ್ಕಟೆಯಾಗಿ ಕಾಣುವುದರ ಬಗ್ಗೆ ಇತ್ತು. ಕ್ಯಾಮೆರಾವನ್ನು ಎರಡು ಬೆರಳಿನಷ್ಟು ತಗ್ಗಿಸಿದೆವು. ತಗ್ಗಿಸಲಾಗದಿದ್ದರೆ ಮೆನುವಿನಲ್ಲಿ ಪ್ರೈವಸಿ ಮಾಸ್ಕ್ ಎಂಬುದಿದೆ, ಚಿತ್ರದ ಆ ಭಾಗಕ್ಕೆ ಕರಿ ಬಳಿಯುತ್ತದೆ. ಮನೆಯೊಳಗೆ ಮಲಗುವ ಕೋಣೆಗೆ ಕ್ಯಾಮೆರಾ ಹಾಕಲೇಬೇಡಿ. ಕಾರಣ ಹಂತ 5ರಲ್ಲಿದೆ.

ರೆಕಾರ್ಡರನ್ನು ಟಿವಿಯ ಪಕ್ಕ ಅಲಂಕಾರಕ್ಕೆ ಇಡಬೇಡಿ. ಬುದ್ಧಿವಂತ ಕಳ್ಳ ಮೊದಲು ಎತ್ತಿಕೊಂಡು ಹೋಗುವುದು ಅದನ್ನೇ. ಗಾಳಿಯಾಡುವ ಲಾಫ್ಟಿನಲ್ಲಿ, ಸ್ಟೀಲಿನ ಹಳೆ ಡಬ್ಬಗಳ ನಡುವೆ ಇಡಿ. ಆ ಡಬ್ಬಗಳನ್ನು ಮೂವತ್ತು ವರ್ಷದಿಂದ ನಾವೇ ಮುಟ್ಟಿಲ್ಲ, ಕಳ್ಳ ಮುಟ್ಟುತ್ತಾನೆಯೇ?

ಹಂತ 2: ಗಡಿಯಾರ

ಹಲವು ರೆಕಾರ್ಡರುಗಳು ತಮ್ಮ ತವರಾದ ಚೀನಾದ ಸಮಯ ಹಿಡಿದೇ ಹುಟ್ಟುತ್ತವೆ. ಅದು ನಮ್ಮ ಸಮಯಕ್ಕಿಂತ ಎರಡೂವರೆ ಗಂಟೆ ಮುಂದೆ. ಸರಿಮಾಡದಿದ್ದರೆ ಹಾಲಿನವನು ಎಂಟೂವರೆಗೆ ಬಂದಂತೆಯೂ ಕಳ್ಳ ಬೆಳಕು ಹರಿದ ಮೇಲೆ ಬಂದಂತೆಯೂ ದಾಖಲಾಗುತ್ತದೆ. ಟೈಮ್ ಝೋನ್ ಜಾಗದಲ್ಲಿ +5:30 ಹಾಕಿ. ಇಂಟರ್‌ನೆಟ್‌ನಿಂದ ಸಮಯ ಪಡೆಯುವ ಎನ್‌ಟಿಪಿ ಎಂಬ ಗುಂಡಿ ಒತ್ತಿ.

ಹಂತ 3: ನಿಮ್ಮ ಮನೆಗೆ ವಿಳಾಸ ಇದೆಯೇ?

ರೂಟರ್ ನಿಮ್ಮ ರೆಕಾರ್ಡರಿಗೆ 192.168 ಎಂದು ಶುರುವಾಗುವ ಒಂದು ಅಂಕಿ ಕೊಡುತ್ತದೆ. ಹುಡುಗ ಅದನ್ನು ಚೀಟಿಯಲ್ಲಿ ಬರೆದು "ಬಸ್ ಯಹೀ ಡಾಲ್‌ನಾ, ಅಂಕಲ್" ಎನ್ನುತ್ತಾನೆ. ಮನೆಯ ವೈಫೈಯಲ್ಲಿ ಹಾಕಿ ನೋಡುತ್ತೀರಿ, ಚಿತ್ರ ಬರುತ್ತದೆ. ಮೆಚ್ಚಿ ಚಹಾ ಕೊಡುತ್ತೀರಿ. ಅವನು ಹೋದ ಮೇಲೆ ಕೊತ್ತಂಬರಿ ತರಲು ಕೆಳಗಿಳಿದವರು ಭಾಜಿವಾಲಾನ ಗಾಡಿಯ ಮುಂದೆ ಮೊಬೈಲ್ ಡೇಟಾದಲ್ಲಿ ಅದೇ ಅಂಕಿ ಹಾಕುತ್ತೀರಿ. ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ.

ಯಾಕೆಂದರೆ ಅದು "ಬಿ ವಿಂಗ್, 302" ಎಂದ ಹಾಗೆ. ಮುಂಬಯಿಯಲ್ಲಿ ಬಿ ವಿಂಗ್ 302 ಸಾವಿರ ಇರಬಹುದು. ಕಟ್ಟಡದ ಒಳಗೆ ಅದು ವಿಳಾಸ, ಹೊರಗೆ ಬರಿಯ ಸಂಖ್ಯೆ. ಹೊರಗಿನವರು ಹುಡುಕಿಕೊಂಡು ಬರಬೇಕಾದರೆ ಕಟ್ಟಡದ ಹೆಸರು, ರಸ್ತೆ, ಪಿನ್‌ಕೋಡ್ ಬೇಕು. ಇಂಟರ್‌ನೆಟ್ಟಿನ ಭಾಷೆಯಲ್ಲಿ ಅದು ಪಬ್ಲಿಕ್ ಐಪಿ.

ನಿಮಗೆ ಅದಿದೆಯೇ? ಬಹುಮಟ್ಟಿಗೆ ಇಲ್ಲ. 1981ರಲ್ಲಿ ಗೊತ್ತುಮಾಡಿದ ಪದ್ಧತಿಯಲ್ಲಿ ಇರುವ ವಿಳಾಸಗಳು ಒಟ್ಟು 429 ಕೋಟಿ ಚಿಲ್ಲರೆ. ಆ ಕಾಲಕ್ಕೆ ಅದು ಅರಬ್ಬೀ ಸಮುದ್ರದಂತೆ ಕಂಡಿರಬೇಕು. 2011ರ ಫೆಬ್ರುವರಿ 3ರಂದು ಜಾಗತಿಕ ಉಗ್ರಾಣದಲ್ಲಿ ಉಳಿದಿದ್ದ ಕೊನೆಯ ಐದು ಮೂಟೆಗಳನ್ನೂ ಹಂಚಿ ಕೈ ಕೊಡವಿಕೊಂಡರು. ಅಲ್ಲಿಂದೀಚೆಗೆ ಇಂಟರ್‌ನೆಟ್ ಕಂಪನಿಗಳು ಒಂದೇ ಪಬ್ಲಿಕ್ ವಿಳಾಸದ ಹಿಂದೆ ನೂರಾರು ಮನೆಗಳನ್ನು ಕೂರಿಸುತ್ತವೆ. ಇದಕ್ಕೆ ಸಿಜಿ-ನ್ಯಾಟ್ ಎಂದು ಹೆಸರು.

ಮುಂಬಯಿ ಕನ್ನಡಿಗರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಊರು ಬಿಟ್ಟು ಬಂದು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗೆ ಅಮ್ಮನ ಕಾಗದ ಬರುತ್ತಿದ್ದದ್ದು "ಕೇರ್ ಆಫ್" ಹೋಟೆಲಿನ ಹೆಸರಿಗೆ. ಆಮೇಲೆ ಪಿ.ಪಿ. ನಂಬರಿನ ಕಾಲ ಬಂತು: ವಿಸಿಟಿಂಗ್ ಕಾರ್ಡಿನಲ್ಲಿ ನಂಬರ್ ನಮ್ಮದು, ಫೋನು ಪಕ್ಕದ ಮನೆಯವರದು. ಅವರ ಮನೆಯಿಂದ ನಾವು ಯಾರಿಗೆ ಬೇಕಾದರೂ ಮಾಡಬಹುದು. ಹೊರಗಿನಿಂದ ನಮಗೆ ಬಂದರೆ ಮಾತ್ರ, ಅವರು ಗ್ಯಾಲರಿಗೆ ಬಂದು ಕೂಗಿ ಕರೆಯಬೇಕು. ಸಿಜಿ-ನ್ಯಾಟ್ ಎಂಬುದು ಹಾಗೆ ಕೂಗಿ ಕರೆಯದ ಪಕ್ಕದ ಮನೆ.

ಪರೀಕ್ಷೆ ಸುಲಭ. ರೂಟರಿನ ಪುಟದಲ್ಲಿ ವ್ಯಾನ್ ಐಪಿ ಎಂದಿರುವ ಸಂಖ್ಯೆಯನ್ನು ಬರೆದುಕೊಳ್ಳಿ. ನಿಮ್ಮ ಐಪಿ ಯಾವುದೆಂದು ತೋರಿಸುವ ಯಾವುದಾದರೂ ತಾಣವನ್ನು ಅದೇ ವೈಫೈಯಲ್ಲಿ ತೆರೆಯಿರಿ. ಎರಡೂ ಒಂದೇ ಆದರೆ ನೀವು ಸ್ವಂತ ವಿಳಾಸದವರು. ಬೇರೆ ಬೇರೆಯಾಗಿದ್ದು, ರೂಟರಿನದು 100.64ರಿಂದ 100.127ರ ನಡುವೆ ಇದ್ದರೆ ನೀವು ಕೇರ್ ಆಫ್.

ಆಗ ಕಂಪನಿಗೆ ಫೋನು ಮಾಡಿ. ನನ್ನ ಅನುಭವದಲ್ಲಿ ಈ ಹಂತಕ್ಕೆ ನಲವತ್ತು ನಿಮಿಷ ಹಿಡಿಯುತ್ತದೆ. ಅದರಲ್ಲಿ ಮೂವತ್ತೈದು ಸಂಗೀತ. ಕಡೆಗೆ ಬಂದ ಹೆಣ್ಣುಮಗಳು "ಸರ್, ಒಮ್ಮೆ ರೂಟರ್ ಆಫ್ ಮಾಡಿ ಆನ್ ಮಾಡಿ" ಎಂದಳು. ಆಫ್ ಮಾಡಿದೆ. ಮಾತಾಡುತ್ತಿದ್ದದ್ದು ವೈಫೈ ಕಾಲಿಂಗ್‌ನಲ್ಲಿ, ಫೋನೂ ಕಟ್ಟಾಯಿತು.

ತಿಂಗಳಿಗಿಷ್ಟು ಹೆಚ್ಚಿಗೆ ಕೊಟ್ಟರೆ ಸ್ಥಿರ ವಿಳಾಸ ಕೊಡುವವರಿದ್ದಾರೆ. ಅದು ಸ್ವಂತ ಫ್ಲಾಟ್ ಕೊಂಡ ಹಾಗೆ. ಬದಲಾಗುವ ಪಬ್ಲಿಕ್ ವಿಳಾಸವೆಂದರೆ 11 ತಿಂಗಳ ಲೀವ್ ಅಂಡ್ ಲೈಸೆನ್ಸ್: ಇವತ್ತು ಭಾಂಡುಪ್, ನಾಳೆ ಕಾಂಜೂರ್. ಅಂಥವರಿಗೆ ಡಿಡಿಎನ್‌ಎಸ್ ಎಂಬ ಸೌಲಭ್ಯವಿದೆ. ನಿಮ್ಮ ಯಂತ್ರ ತಾನು ಮನೆ ಬದಲಿಸಿದಾಗಲೆಲ್ಲ ಒಂದು ಕಡೆ ವರದಿ ಒಪ್ಪಿಸುತ್ತದೆ. ಹುಡುಕುವವರು ಅಲ್ಲಿ ಹೆಸರು ಹೇಳಿ ಕೇಳಬೇಕು. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲೋ ಕುರ್ಲಾದ ಬಂಟರ ಸಂಘದಲ್ಲೋ ವಿಚಾರಿಸಿದರೆ ಊರಿನ ಯಾವ ಮಾಣಿ ಈಗ ಎಲ್ಲಿದ್ದಾನೆ ಎಂದು ಯಾರಾದರೊಬ್ಬರು ಹೇಳುತ್ತಾರಲ್ಲ, ಹಾಗೆ.

ಹಂತ 4: ಬಾಗಿಲು ತೆರೆಯುವುದು

ವಿಳಾಸ ಸಿಕ್ಕಿತು. ಈಗ ಗೇಟು. ರೂಟರ್ ಎಂದರೆ ಬಿಲ್ಡಿಂಗಿನ ವಾಚ್‌ಮನ್. ಒಳಗಿನವರು ಹೊರಗೆ ಹೋದರೆ ಸಲಾಮು, ಹೊರಗಿನವರು ಬಂದರೆ "ಕಿಧರ್ ಜಾನಾ ಹೈ?" ಉತ್ತರ ಗೊತ್ತಿಲ್ಲದವರು ಹೊರಗೇ. ನೀವು ಅವನ ರಿಜಿಸ್ಟರಿನಲ್ಲಿ ಮೊದಲೇ ಬರೆದಿಡಬೇಕು: "8000 ಎಂದು ಹೇಳಿಕೊಂಡು ಬಂದವರನ್ನು ಲಾಫ್ಟಿನಲ್ಲಿರುವ ರೆಕಾರ್ಡರಿಗೆ ಕಳಿಸು." ಇದೇ ಪೋರ್ಟ್ ಫಾರ್ವರ್ಡಿಂಗ್. ಬ್ರ್ಯಾಂಡ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ಕೆಲವಕ್ಕೆ 8000, ಕೆಲವಕ್ಕೆ 37777. ರೆಕಾರ್ಡರಿನ ಒಳವಿಳಾಸವನ್ನೂ ರೂಟರಿನಲ್ಲಿ ಖಾಯಂ ಮಾಡಿ. ಇಲ್ಲವಾದರೆ ಒಂದು ಸಲ ಕರೆಂಟು ಹೋಗಿ ಬಂದಾಗ ವಾಚ್‌ಮನ್ ನಿಮ್ಮನ್ನು ರೆಕಾರ್ಡರಿನ ಬದಲು ಮಗನ ಲ್ಯಾಪ್‌ಟಾಪಿಗೆ ಕಳಿಸಿಯಾನು.

ರೂಟರಿನಲ್ಲಿ ಯುಪಿಎನ್‌ಪಿ ಎಂಬ ಆಯ್ಕೆಯೂ ಇದೆ. ಅದು ಆನ್ ಇದ್ದರೆ ಮನೆಯೊಳಗಿನ ಯಾವ ಯಂತ್ರ ಬೇಕಾದರೂ ನಿಮ್ಮನ್ನು ಕೇಳದೆ ವಾಚ್‌ಮನ್ನನಿಗೆ "ನನ್ನ ನೆಂಟರು ಬರುತ್ತಾರೆ, ಬಿಡು" ಎಂದು ಹೇಳಿಬಿಡಬಹುದು. ಆಫ್ ಮಾಡಿ.

ಮುಂದಿನ ಹಂತಕ್ಕೆ ಹೋಗುವ ಮುನ್ನ ಸ್ವಲ್ಪ ನಿಲ್ಲಿ. ನೀವು ಈಗ ಮಾಡಿದ್ದೇನು? ಒಂದು ಬಾಗಿಲನ್ನು ಕಾಯುವುದಕ್ಕೆಂದು ಇನ್ನೊಂದು ಬಾಗಿಲು ತೆರೆದಿರಿ. ಮೊದಲನೆಯದರ ಮುಂದೆ ಕಳ್ಳ ಬರಬೇಕಾದರೆ ಮುಲುಂಡಿಗೆ ಬರಬೇಕು, ಮೆಟ್ಟಿಲು ಹತ್ತಬೇಕು, ಕಾಕುವಿನ ಕಣ್ಣು ತಪ್ಪಿಸಬೇಕು. ಎರಡನೆಯದರ ಮುಂದೆ ಇಡೀ ಭೂಮಂಡಲ ನಿಂತಿದೆ.

ಹಂತ 5: ಪಾಸ್‌ವರ್ಡ್

ಹುಡುಗ ಇಟ್ಟುಹೋಗುವ ಪಾಸ್‌ವರ್ಡ್ "ಅಡ್ಮಿನ್123". ಅವನು ಮುಲುಂಡ್ ಚೆಕ್‌ನಾಕಾದಿಂದ ಸಾಯನ್‌ವರೆಗೆ ಎಲ್ಲ ಮನೆಗಳಿಗೂ ಅದನ್ನೇ ಇಟ್ಟಿರುತ್ತಾನೆ, ಅವನಿಗೆ ನೆನಪಿರಬೇಕಲ್ಲ. ಕಳ್ಳನ ಕೈಗೆ ಕೀಲಿ ಕೊಡುವುದು ಎಂಬ ಗಾದೆ ಹಳೆಯದಾಯಿತು, ಇಲ್ಲಿ ಊರ ಕಳ್ಳರಿಗೆಲ್ಲ ಒಂದೇ ಕೀಲಿ.

2016ರಲ್ಲಿ ಮಿರಾಯಿ ಎಂಬ ಕುತಂತ್ರಾಂಶ ಮಾಡಿದ್ದು ಇಷ್ಟೇ. ಕಾರ್ಖಾನೆಯಲ್ಲೇ ಇಟ್ಟ, ಯಾರೂ ಬದಲಿಸದ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ ಹಿಡಿದು ಜಗತ್ತಿನ ಕ್ಯಾಮೆರಾ, ರೆಕಾರ್ಡರ್, ರೂಟರುಗಳ ಬಾಗಿಲು ತಟ್ಟುತ್ತ ಹೋಯಿತು. ತೆರೆದವುಗಳನ್ನೆಲ್ಲ ಸೇನೆಗೆ ಸೇರಿಸಿಕೊಂಡಿತು. ಅಕ್ಟೋಬರ್ 21ರಂದು ಇಂಥ ಸೇನೆ ಅಮೆರಿಕದ ಡೈನ್ ಎಂಬ ಸಂಸ್ಥೆಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವೇ ಹಲವೆಡೆ ಗಂಟೆಗಟ್ಟಲೆ ತೆರೆಯಲಿಲ್ಲ. ಯಾರದೋ ಮನೆ ಕಾಯುತ್ತಿದ್ದ ಪೆಟ್ಟಿಗೆಗಳು, ಯಜಮಾನನಿಗೆ ಗೊತ್ತಿಲ್ಲದಂತೆ, ರಾತ್ರಿ ಪಾಳಿಯಲ್ಲಿ ಗೂಂಡಾಗಿರಿಗೆ ಹೋಗಿದ್ದವು.

ಇದರಲ್ಲಿ ನಗುವಂಥದ್ದು ಇನ್ನೂ ಸ್ವಲ್ಪ ಇತ್ತು. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜಕೋಟದ ಪ್ರಸೂತಿ ಆಸ್ಪತ್ರೆಯೊಂದರ ಕ್ಯಾಮೆರಾಗಳಿಂದ ಕದ್ದ ಮಹಿಳಾ ರೋಗಿಗಳ ದೃಶ್ಯಗಳು ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕಿದ್ದದ್ದು ಬಯಲಾಯಿತು. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಮಲಗುವ ಕೋಣೆಗೆ ಕ್ಯಾಮೆರಾ ಬೇಡ ಎಂದದ್ದು ಇದಕ್ಕೇ.

ಆದ್ದರಿಂದ ಉದ್ದನೆಯ ಪಾಸ್‌ವರ್ಡ್ ಇಡಿ. ಫ್ಲಾಟ್ ನಂಬರ್, ಮೊಮ್ಮಗಳ ಹೆಸರು, ಮನೆದೇವರ ಹೆಸರಿನ ಮುಂದೆ 108, ಇವು ಯಾವುವೂ ಬೇಡ. ನಿಮ್ಮ ಊರಿನವರಿಗಷ್ಟೇ ಗೊತ್ತಿರುವ ನಾಲ್ಕು ಸಂಬಂಧವಿಲ್ಲದ ಪದಗಳನ್ನು ಪೋಣಿಸಿ. ನೋಡುವುದಕ್ಕೆ ಬೇರೆ, ಸೆಟಿಂಗ್ ಬದಲಿಸುವುದಕ್ಕೆ ಬೇರೆ ಖಾತೆ ಇರಲಿ. ಬರೆದಿಡುವುದಾದರೆ ಡೈರಿಯಲ್ಲಿ ಬರೆದಿಡಿ, ರೆಕಾರ್ಡರಿನ ತಲೆಯ ಮೇಲೆ ಅಂಟಿಸಬೇಡಿ.

ಹಂತ 6: ಸುಲಭದ ದಾರಿ, ಸುರಂಗದ ದಾರಿ

ಹಂತ 3 ಮತ್ತು 4ನ್ನು ಓದಿ ತಲೆಗೆ ಎಣ್ಣೆ ಹಚ್ಚಿಕೊಳ್ಳುವಂತಾದವರಿಗೆ ಒಂದು ಸಮಾಧಾನ: ಸುಲಭದ ದಾರಿಗೆ ಅವುಗಳ ಅಗತ್ಯವೇ ಇಲ್ಲ. ಇದನ್ನು ಮೊದಲೇ ಹೇಳದಿರುವುದು ಎಲ್ಲ ಕೈಪಿಡಿಗಳ ಸಂಪ್ರದಾಯ.

ಈಗಿನ ರೆಕಾರ್ಡರುಗಳಲ್ಲಿ ಪಿ2ಪಿ ಎಂಬ ಏರ್ಪಾಡಿದೆ. ಪೆಟ್ಟಿಗೆ ತಾನಾಗಿಯೇ ಕಂಪನಿಯ ಸರ್ವರಿಗೆ ಕರೆ ಮಾಡಿ ಲೈನು ಹಿಡಿದು ಕೂರುತ್ತದೆ. ಕುಂದಾಪುರದಿಂದ ನಿಮ್ಮ ಮೊಬೈಲೂ ಅಲ್ಲಿಗೇ ಕರೆ ಮಾಡುತ್ತದೆ. ನಡುವಿನವನು ಇಬ್ಬರನ್ನೂ ಭೇಟಿ ಮಾಡಿಸುತ್ತಾನೆ. ಪಿ.ಪಿ. ನಂಬರಿನ ಕಾಲದಲ್ಲಿ "ಭಾನುವಾರ ಒಂಬತ್ತಕ್ಕೆ ನಾನೇ ಬೂತಿನಿಂದ ಮಾಡುತ್ತೇನೆ" ಎಂದು ಕಾಗದ ಬರೆಯುತ್ತಿದ್ದೆವಲ್ಲ, ಅದೇ. ಪೆಟ್ಟಿಗೆಯ ಮೇಲಿನ ಕ್ಯೂಆರ್ ಚೌಕವನ್ನು ಆ್ಯಪಿನಲ್ಲಿ ಹಿಡಿದರೆ ಎರಡೇ ನಿಮಿಷದ ಕೆಲಸ. ಸಿಜಿ-ನ್ಯಾಟ್ ಇದ್ದರೂ ನಡೆಯುತ್ತದೆ. ಆದರೆ ಆ ನಡುವಿನವನು ಯಾರು, ಯಾವ ದೇಶದಲ್ಲಿ ಕೂತಿದ್ದಾನೆ ಎಂಬುದನ್ನು ನೀವು ನಂಬಿಕೆಯ ಮೇಲೆ ಒಪ್ಪಿಕೊಂಡಿರುತ್ತೀರಿ. ಆ ಚೌಕದ ಫೋಟೋವನ್ನು "ಎಲ್ಲರೂ ನೋಡಿ" ಎಂದು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಭಾವನ ಮಗ ಇನ್ನಾರಿಗೋ ಕಳಿಸುತ್ತಾನೆ.

ಇದಕ್ಕಿಂತ ಗಟ್ಟಿಯಾದದ್ದು ವಿಪಿಎನ್, ಅಂದರೆ ಸುರಂಗ. ಮನೆಯ ರೂಟರಿನಿಂದ ನಿಮ್ಮ ಮೊಬೈಲಿನವರೆಗೆ ಬೀಗ ಹಾಕಿದ ಒಂದೇ ಕೊಳವೆ. ರೆಕಾರ್ಡರಿನ ಬಾಗಿಲು ಹೊರಜಗತ್ತಿಗೆ ತೆರೆಯುವುದೇ ಇಲ್ಲ. ಮನೆಯಲ್ಲಿ ಕಂಪ್ಯೂಟರ್ ಬಲ್ಲ ಮಕ್ಕಳಿದ್ದರೆ ಅವರಿಂದ ಇದನ್ನೇ ಮಾಡಿಸಿ. ಮುಂಬಯಿಯಿಂದ ಮಂಗಳೂರಿಗೆ ತೊಂಬತ್ತಕ್ಕೂ ಮಿಕ್ಕಿ ಸುರಂಗ ದಾಟಿ ಹೋಗುವವರಿಗೆ ಇನ್ನೊಂದು ಹೆಚ್ಚಾಗದು.

ಹಂತ 7: ಹೊರಡುವ ದಿನ

ಎಲ್ಲ ಸಿದ್ಧವಾಯಿತು. ನಾವು ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿದೆವು. ಪನ್ವೇಲ್ ದಾಟಿದ ಮೇಲೆ, ಎದುರಿನ ಸೀಟಿನ ಶೆಟ್ಟರಿಗೆ ತೋರಿಸೋಣವೆಂದು ಆ್ಯಪ್ ತೆರೆದೆ. "ಡಿವೈಸ್ ಆಫ್‌ಲೈನ್."

ಮೊದಲು ಇಂಟರ್‌ನೆಟ್ ಕಂಪನಿಯನ್ನು ಬೈದೆ. ಚಿಪ್ಳೂಣ್‌ ಹೊತ್ತಿಗೆ ಹುಡುಗನನ್ನು. ರತ್ನಾಗಿರಿ ಸಮೀಪ ಆರೂವರೆ ಕಿಲೋಮೀಟರಿನ ಕರ್ಬುಡೆ ಸುರಂಗ ಹೊಕ್ಕಾಗ ಮೊಬೈಲಿನ ಸಿಗ್ನಲ್ಲೂ ಹೋಗಿ, ಬೈಯಲು ಯಾರೂ ಉಳಿಯಲಿಲ್ಲ. ಆ ಕತ್ತಲಲ್ಲಿ ನನ್ನ ಹೆಂಡತಿ ಮೆಲ್ಲನೆ, "ಹೊರಡುವಾಗ ಮೈನ್ ಆಫ್ ಮಾಡಿದಿರಲ್ಲ?" ಎಂದಳು.

ಗ್ಯಾಸ್ ಬಂದ್, ನಲ್ಲಿ ಬಂದ್, ಮೈನ್ ಬಂದ್. ಮೂವತ್ತು ವರ್ಷದ ಅಭ್ಯಾಸ. ಕೈ ತಾನಾಗಿಯೇ ಹೋಗಿತ್ತು.

ಸೂಚನೆ: ಮೈನ್ ಆನ್ ಇರಲಿ. ರೆಕಾರ್ಡರ್, ರೂಟರ್, ಫೈಬರ್ ಪೆಟ್ಟಿಗೆ ಇರುವ ಪ್ಲಗ್ಗಿನ ಎಂಸಿಬಿಯನ್ನು ಬಿಟ್ಟು ಉಳಿದವನ್ನು ಆಫ್ ಮಾಡಿ. ಇಂಟರ್‌ನೆಟ್ ಪ್ಲಾನಿನ ಅವಧಿ ನೀವು ವಾಪಸಾಗುವ ತನಕ ಇದೆಯೇ ನೋಡಿ. ಬೀಗದ ಇನ್ನೊಂದು ಕೀ ಕಾಕುವಿನ ಬಳಿ ಇರಲಿ.

ಸುರಂಗ ದಾಟಿದ ಮೇಲೆ ಕಾಕುವಿಗೆ ಫೋನು ಮಾಡಿದೆ. ಸೀರಿಯಲ್ ಮುಗಿಯಲಿ ಎಂದರು. ಮುಗಿಯಿತು. ಕುಡಾಳ್ ಸಮೀಪ ಪರದೆ ಬೆಳಗಿ ನಮ್ಮ ಹಾಲ್ ಮೂಡಿತು. ಶೆಟ್ಟರು ಬಗ್ಗಿ ನೋಡಿದರು. ಫ್ರಿಜ್ಜಿನಲ್ಲಿ ನಾವು ಮರೆತು ಬಂದಿದ್ದ ಹಾಲಿನ ಪೊಟ್ಟಣ ಕೈಯಲ್ಲಿ ಹಿಡಿದು ಕಾಕು ಬಾಗಿಲತ್ತ ಹೋಗುತ್ತಿದ್ದರು. ಕ್ಯಾಮೆರಾದ ಕೆಳಗೆ ನಿಂತು, ಪೊಟ್ಟಣ ಎತ್ತಿ ತೋರಿಸಿ, ದೀಪ ಆರಿಸಿದರು.

ದೋಷ ನಿವಾರಣೆ

ಚಿತ್ರ ತಡೆತಡೆದು ಬರುತ್ತದೆ: ಆ್ಯಪಿನಲ್ಲಿ ಸಬ್ ಸ್ಟ್ರೀಮ್ ಆರಿಸಿ. ಚಿತ್ರ ಮಸುಕು, ಆದರೆ ಓಡುತ್ತದೆ. ಊರಿನ ಟವರಿಗೆ ಅಷ್ಟೇ ಶಕ್ತಿ.

ರಾತ್ರಿಯಿಡೀ "ಚಲನೆ ಕಂಡಿದೆ" ಎಂಬ ಎಚ್ಚರಿಕೆ: ಹಲ್ಲಿ. ಕ್ಯಾಮೆರಾದ ಬೆಳಕಿಗೆ ಬರುವ ಹುಳುವಿಗಾಗಿ ಅದು ಅಲ್ಲೇ ಸಂಸಾರ ಹೂಡಿದೆ. ಸೂಕ್ಷ್ಮತೆ ತಗ್ಗಿಸಿ.

ಹಗಲಿಡೀ ಎಚ್ಚರಿಕೆ: ಪಾರಿವಾಳ. ಮುಂಬಯಿಯಲ್ಲಿ ಇದಕ್ಕೆ ನಿವಾರಣೆ ಇಲ್ಲ.

ನಿಜಕ್ಕೂ ಕಳ್ಳ ಕಂಡ: ಮೊದಲು 112ಕ್ಕೆ, ಆಮೇಲೆ ಕಾಕುವಿಗೆ ಫೋನು ಮಾಡಿ, ಬಾಗಿಲು ತೆರೆಯದಿರಲು ಹೇಳಿ. ದೃಶ್ಯವನ್ನು ಕೂಡಲೇ ಬೇರೆಡೆ ಉಳಿಸಿ. ನ್ಯಾಯಾಲಯಕ್ಕೆ ಅದು ಸಾಕ್ಷ್ಯವಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು. ಮೂಲ ಡಿಸ್ಕನ್ನು ಮುಟ್ಟದೆ ಇಡಿ.

ವಾರಂಟಿ

ಈ ಯಂತ್ರ ತೋರಿಸುತ್ತದೆ, ತಡೆಯುವುದಿಲ್ಲ. ಮುಲುಂಡಿಗೂ ಕುಂದಾಪುರಕ್ಕೂ ನಡುವೆ ಒಂದು ರಾತ್ರಿಯ ರೈಲು ಈಗಲೂ ಹಾಗೇ ಇದೆ.

ನಾವು 20 ದಿನ ಊರಲ್ಲಿದ್ದೆವು. ಅಷ್ಟರಲ್ಲಿ ನಮ್ಮ ರೆಕಾರ್ಡರ್ ಹಿಡಿದ ಕಳವು ಒಂದೇ, ಅರ್ಧ ಲೀಟರ್ ಹಾಲು. ಹನ್ನೆರಡನೆಯ ದಿನ ಅದನ್ನೂ ಅಳಿಸಿಹಾಕಿತು.

ಇಷ್ಟನ್ನೂ ಓದಿ ಒಂದೇ ಕೆಲಸ ಮಾಡುವ ತಾಳ್ಮೆ ನಿಮಗಿದ್ದರೆ, ಹುಡುಗ ಇಟ್ಟುಹೋದ ಪಾಸ್‌ವರ್ಡನ್ನು ಇವತ್ತೇ ಬದಲಿಸಿ. ಉಳಿದದ್ದು ನಾಳೆಗಿರಲಿ.